ಟಂಚ್ 82.6

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತ ಹಿರೀಕರು ಸುಮ್ಸುಮ್ನೆ ಹೇಳಿದ್ರಾ?"

ಶಾಮಣ್ಣ ಮೊಬೈಲನ್ನು ಜಗುಲಿಗೆ ಕುಕ್ಕಿದ ರಭಸಕ್ಕೆ ಗುಂಡಣ್ಣನ ಲೋಟದ ಕಾಫಿ ತುಳುಕಿತು. ಮೊಬೈಲಿನಲ್ಲಿ ಒಂದು ಚೀಟಿಯ ಫೋಟೋ. ಹಿಂದಿನ ಬೀದಿಯ ಮನೆಯವರು ಅಜ್ಜಿ ಕಾಲದ ಗುಂಡಿನ ಸರ ಕೊಟ್ಟು ಹೊಸದು ತರೋಣ ಅಂತ ಶೋರೂಮಿಗೆ ಹೋಗಿದ್ದರು. ಅಲ್ಲಿನ ಮೆಷಿನ್ನು ಉಗುಳಿದ ಟಂಚಿನ, ಅಂದರೆ ಶುದ್ಧತೆಯ, ಚೀಟಿ ಮಧ್ಯಾಹ್ನದ ಊಟದೊಳಗೆ ಬಡಾವಣೆಯ ಅಷ್ಟೂ ವಾಟ್ಸಾಪ್ ಗ್ರೂಪುಗಳಿಗೆ ಪ್ರದಕ್ಷಿಣೆ ಹಾಕಿತ್ತು. ನೂರಕ್ಕೆ ಚಿನ್ನ 82.6, ಬೆಳ್ಳಿ 6.9, ತಾಮ್ರ 9.3, ಸತು 1.2.

"22 ಕ್ಯಾರೆಟ್ ಅಂದ್ರೆ 91.6 ಇರಬೇಕು. ಒಂಬತ್ತು ಪಾಲು ಎಲ್ಲಿ ಹೋಯ್ತು? ಮೂರು ತಲೆಮಾರು ಆ ಸರ ಮಾಡಿದ ಆಚಾರ್ರನ್ನ ದೇವರು ದೇವರು ಅಂದ್ರು. ಮದುವೆ, ಮುಂಜಿ, ಸೀಮಂತ, ಎಲ್ಲದಕ್ಕೂ ಅವರ ಕೈಯಿಂದಲೇ ಒಡವೆ. ಈಗ ನೋಡು, 31.6 ಗ್ರಾಂ ಸರದಲ್ಲಿ ಎರಡೂಮುಕ್ಕಾಲು ಗ್ರಾಂ ನುಂಗಿ ನೀರು ಕುಡಿದಿದ್ದಾರೆ."

"ಆಚಾರ್ರು ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲ. ಈಗ ಕೇಸು ಹಾಕೋದಾದ್ರೆ ಯಾವ ಲೋಕದ ಪೊಲೀಸ್ ಸ್ಟೇಷನ್ನಿಗೆ?" ಅಂದ ಗುಂಡಣ್ಣ, ಶರ್ಟಿನ ಮೇಲಿನ ಕಾಫಿ ಒರೆಸಿಕೊಳ್ಳುತ್ತ.

ಮೌನೇಶ ಈವರೆಗೂ ಮಾತಾಡಿರಲಿಲ್ಲ. ಬ್ಯಾಂಕಿನಲ್ಲಿ ಅಡವಿಗೆ ಬಂದ ಚಿನ್ನ ನೋಡುವ ಅಪ್ರೈಸರ್ ಅವನು. ಈ ಗಾದೆಯನ್ನು ದಿನಕ್ಕೆರಡು ಸಲ ಕೇಳಿಸಿಕೊಳ್ಳುವುದೂ ಅವನ ಉದ್ಯೋಗದ ಭಾಗವೇ. ಪಕ್ಕದಲ್ಲಿ ಹಾಲ್‌ಮಾರ್ಕ್ ಸೆಂಟರಿನ ಲ್ಯಾಬಿನಲ್ಲಿ ಕೆಲಸ ಮಾಡುವ ರಾಜಿ, ಬೋಂಡಾದ ಎಣ್ಣೆಯನ್ನು ಪೇಪರಿಗೆ ಒತ್ತಿ ತೆಗೆಯುತ್ತಿದ್ದಳು.

"ಶಾಮಣ್ಣ, ಸರದ ಯಾವ ಜಾಗ ಮೆಷಿನ್ನಿಗೆ ಇಟ್ರಂತೆ?" ಅಂದ ಮೌನೇಶ.

"ಯಾವ ಜಾಗ ಅಂದ್ರೆ? ಚಿನ್ನಕ್ಕೂ ವಾಸ್ತು ಉಂಟೇನೋ?"

"ಉಂಟು," ಅಂದಳು ರಾಜಿ. "ಅದು ಎಕ್ಸ್‌ಆರ್‌ಎಫ್ ಮೆಷಿನ್ನು. ಕ್ಷ-ಕಿರಣ ಬಿಡುತ್ತೆ. ಒಂದೊಂದು ಲೋಹ ತನ್ನದೇ ಆದ ಕಿರಣ ವಾಪಸು ಕೊಡುತ್ತೆ, ಅದನ್ನ ಎಣಿಸಿ ಯಾವುದು ಎಷ್ಟು ಅಂತ ಚೀಟಿ ಕೊಡುತ್ತೆ. ಆದರೆ ಅದು ನೋಡೋದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಅಗಲದ ಚುಕ್ಕೆ. ಆಳ ಹತ್ತು ಮೈಕ್ರಾನ್ ಆಸುಪಾಸು, ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಇಡೀ ಸರ ನೋಡ್ತು ಅಂತ ನೀವು ಅಂದ್ಕೊಂಡಿದ್ದೀರಿ. ಅದು ನೋಡಿದ್ದು ಸರದ ಮೇಲಿನ ಒಂದು ಸಾಸಿವೆ ಕಾಳಷ್ಟು ಜಾಗ."

"ಅಂದ್ರೆ ಮೆಷಿನ್ ಸುಳ್ಳು ಹೇಳುತ್ತಾ?"

"ಮೆಷಿನ್ ನಿಜಾನೇ ಹೇಳ್ತು. ನೀವು ಕೇಳದ ಪ್ರಶ್ನೆಗೆ ಉತ್ತರ ಹೇಳ್ತು."

ಗುಂಡಣ್ಣ ಅಷ್ಟರಲ್ಲಿ ತನ್ನ ಮೊಬೈಲಿನಲ್ಲಿ ಹಿಂದಿನ ಬೀದಿಯ ಮನೆಯವರನ್ನೇ ವಿಚಾರಿಸುತ್ತಿದ್ದ. ಉತ್ತರ ಬಂತು. ಚೀಟಿ ಒಂದಲ್ಲ, ಎರಡು. ಮೊದಲನೆಯದು ಗುಂಡಿನ ನಡುವೆ, ಬೆಸುಗೆಯ ಗೆರೆಯ ಮೇಲೆ: 82.6. ಎರಡನೆಯದು ಗುಂಡಿನ ಹೊಟ್ಟೆಯ ಮೇಲೆ: 90.7.

"ಈ ಎರಡನೇ ಚೀಟಿ ಗ್ರೂಪಿಗೆ ಯಾಕೆ ಬರಲಿಲ್ಲ?"

"ಯಾರಿಗೆ ಬೇಕು ಅದು? 90.7ಕ್ಕೆ ಯಾರಾದ್ರೂ ಕೆಂಪು ಮುಖದ ಇಮೋಜಿ ಹಾಕ್ತಾರಾ?"

ಶಾಮಣ್ಣ ಬಗ್ಗಲಿಲ್ಲ. "ಸರಿ, ಹೊಟ್ಟೆ 90 ಇದೆ. ಗೆರೆ ಯಾಕೆ 82? ಅಲ್ಲೇ ಇದೆ ಕಳ್ಳತನ. ಕಾಣದ ಜಾಗದಲ್ಲಿ ಬೆರಕೆ."

ಮೌನೇಶ ಬೋಂಡಾ ಒಂದನ್ನು ಎತ್ತಿಕೊಂಡು ಸರಿಯಾಗಿ ನಡುವೆ ಸೀಳಿದ. "ಗುಂಡು ಮಾಡೋದು ಹೇಗೆ ಗೊತ್ತಾ? ತೆಳು ತಗಡಿನಿಂದ ಎರಡು ಬಿಲ್ಲೆ ಕತ್ತರಿಸಿ, ಅಚ್ಚಿನ ಗುಳಿಯಲ್ಲಿಟ್ಟು ತಟ್ಟಿ ಎರಡು ಬಟ್ಟಲು ಮಾಡ್ತಾರೆ. ಬಾಯಿಗೆ ಬಾಯಿ ಕೂಡಿಸಿ, ಬಿಳಿಗಾರ ಹಚ್ಚಿ, ಸುತ್ತ ಬೆಸುಗೆ ಚಿನ್ನದ ಚೂರು ಇಟ್ಟು, ಊದುಗೊಳವೆಯಿಂದ ಜ್ವಾಲೆ ಊದ್ತಾರೆ. ಈಗ ಯೋಚನೆ ಮಾಡಿ. ಬೆಸುಗೆ ಚಿನ್ನ ಗುಂಡಿಗಿಂತ ಮೊದಲು ಕರಗಬೇಕೋ ಆಮೇಲೋ?"

"ಮೊದಲು."

"ಆಮೇಲೆ ಕರಗಿದ್ರೆ ಗುಂಡೇ ಕರಗಿ ಗೋಲಿ ಆಗುತ್ತೆ. ಅಪರಂಜಿ ಕರಗೋದು 1064 ಡಿಗ್ರಿಗೆ. ಬೆರಕೆ ಹೆಚ್ಚಾದಷ್ಟೂ ಆ ಮಟ್ಟ ಇಳಿಯುತ್ತೆ. ಹಾಗಾಗಿ ಬೆಸುಗೆಗೆ ಬೆಳ್ಳಿ, ತಾಮ್ರ, ಚೂರು ಸತು ಸೇರಿಸಲೇಬೇಕು. ಚೀಟಿಯಲ್ಲಿರೋ ಸತು ಎಲ್ಲಿಂದ ಬಂತು ಅನ್ನೋದಕ್ಕೂ ಇದೇ ಉತ್ತರ. ಬೆಸುಗೆಯಲ್ಲಿ ಚಿನ್ನ ಐವತ್ತೋ ಅರವತ್ತೈದೋ ಪಾಲು, ಮಾಡೋರ ಕೈ ಮೇಲೆ ಹೋಗುತ್ತೆ."

ಲೆಕ್ಕ ಹಾಕದೆ ಬಿಡುವವಳಲ್ಲ ರಾಜಿ. ಎಣ್ಣೆ ಪೇಪರಿನ ಒಣಗಿದ ಮೂಲೆಯಲ್ಲೇ ಬರೆದಳು. ಸರದ ತೂಕದಲ್ಲಿ ಹತ್ತು ಪಾಲು ಬೆಸುಗೆ, ಅದರಲ್ಲಿ ಚಿನ್ನ 65 ಅಂತಿಟ್ಟುಕೊಂಡರೆ, ಉಳಿದ ತೊಂಬತ್ತು ಪಾಲು ಅಪ್ಪಟ 22 ಕ್ಯಾರೆಟ್ ಆಗಿದ್ದರೂ ಕರಗಿಸಿದಾಗ ಬರುವುದು 89. ಗುಂಡು ಸಣ್ಣದು, ಮೇಲೆ ತಂತಿ, ಟಿಕ್ಕಿ ಕೆಲಸ ಬೇರೆ ಇದೆ ಅಂದರೆ ಬೆಸುಗೆ ಇಪ್ಪತ್ತು ಪಾಲಿಗೂ ಹೋಗಬಹುದು; ಅದರ ಚಿನ್ನ 50 ಆದರೆ ಒಟ್ಟು 83.3.

"ಚೂರು ಚಿನ್ನವೂ ಕದಿಯದೆ 83ಕ್ಕೆ ಇಳಿಸಬಹುದು," ಅಂದಳು.

"ಅಂದ್ರೆ ಕದ್ದಿಲ್ಲ ಅಂತಾನಾ?"

"ಅದನ್ನ ನಾನು ಹೇಳಲಿಲ್ಲ. ಬೆಸುಗೆಗೆ ಐವತ್ತು ಪಾಲಿನದು ಹಾಕಿ, ಪೂರ್ತಿ ತೂಕಕ್ಕೆ 22 ಕ್ಯಾರೆಟಿನ ದುಡ್ಡು ತಗೊಂಡಿದ್ರೆ ಅದು ಬೇರೆ ವಿಷಯ. ಕಳ್ಳನ ಕೈಯಿಂದಲೂ 82 ಬರುತ್ತೆ, ಸಾಧುವಿನ ಕೈಯಿಂದಲೂ 82 ಬರುತ್ತೆ. ಇಬ್ಬರನ್ನೂ ಬೇರೆ ಮಾಡೋ ಪರೀಕ್ಷೆ ಯಾವುದು ಅಂತ ಹುಡುಕಬೇಕು. ಬೆಸುಗೆ ಗೆರೆ ಮೇಲಿನ ಚುಕ್ಕೆ ಆ ಪರೀಕ್ಷೆ ಅಲ್ಲ."

ಶಾಮಣ್ಣ ಕೂತಲ್ಲೇ ಬಗ್ಗಿ ಚೀಟಿಯನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದ. "ನಮ್ಮ ಮನೆಯವಳ ಸರಕ್ಕೂ ಬೆಸುಗೆ ಇದೆ. ಅದಕ್ಕೆ 91.6 ಬಂತಲ್ಲ? ಅದೂ ಹತ್ತು ಕಡೆ ಇಟ್ಟು ನೋಡಿದ್ರು."

"ಅದು ಈಚಿನದು," ಅಂದ ಮೌನೇಶ. "ಕೆಡಿಎಂ ಕಾಲದ್ದು ಇರಬೇಕು. 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಚಿನ್ನ ಕಡಿಮೆ ಮಾಡದೆ ಬೇಗ ಕರಗುತ್ತೆ. ಅದು ಬಂದ ಮೇಲೇನೆ ಜೋಡಣೆ ಜಾಸ್ತಿ ಇರೋ ಒಡವೆಯಲ್ಲೂ 22 ಕ್ಯಾರೆಟ್ ಉಳಿಸೋಕೆ ಆದದ್ದು. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುತ್ತೆ. ಜ್ವಾಲೆ ತಾಗಿದ ಕೂಡಲೇ ಹೊಗೆ. ಆ ಹೊಗೆ ಹೋಗೋದು ಕೆಲಸಗಾರನ ಶ್ವಾಸಕೋಶಕ್ಕೆ, ಆಮೇಲೆ ಮೂತ್ರಪಿಂಡಕ್ಕೆ."

"ಅಂಗಡಿ ಬೋರ್ಡಲ್ಲಿ 'ಇಲ್ಲಿ ಕೆಡಿಎಂ ಒಡವೆ ದೊರೆಯುತ್ತದೆ' ಅಂತ ದಪ್ಪಕ್ಷರದಲ್ಲಿ ಬರೆಸ್ತಿದ್ರಲ್ಲ! ನಾನು ಯಾವುದೋ ದೊಡ್ಡ ಕಂಪನಿ ಹೆಸರು ಅಂದ್ಕೊಂಡಿದ್ದೆ," ಅಂದ ಗುಂಡಣ್ಣ.

"ನಿನ್ನಂಥೋರನ್ನ ನಂಬಿಯೇ ಬರೆಸ್ತಿದ್ರು. ಈ ಚೀಟಿಯಲ್ಲಿ ಕ್ಯಾಡ್ಮಿಯಂ ಇಲ್ಲ. ಹಾಗಾಗಿ ಸರ ಅದಕ್ಕಿಂತ ಹಿಂದಿನದು ಇರಬೇಕು, ಅಥವಾ ಕೆಡಿಎಂ ಮುಟ್ಟದ ಕೈಯದು. ಎಷ್ಟು ಹಳೇದು ಅಂತ ಕೇಳು ನೋಡೋಣ."

ಗುಂಡಣ್ಣ ಮತ್ತೆ ಟೈಪಿಸಿದ. ಉತ್ತರ ಬರುವವರೆಗೆ ಶಾಮಣ್ಣ ಸುಮ್ಮನಿರಬೇಕಲ್ಲ.

"ನೀವೆಲ್ಲ ಬೆಸುಗೆ ಬೆಸುಗೆ ಅಂತ ಆಚಾರ್ರನ್ನ ಬಚಾವ್ ಮಾಡ್ತಿದ್ದೀರಿ. ಹಾಗಾದ್ರೆ ಯಾವ ಅಕ್ಕಸಾಲಿಗನೂ ಕಳ್ಳನೇ ಅಲ್ಲ, ಎಲ್ಲಾ ಬೆಸುಗೆ ಮಹಾತ್ಮೆ!"

"ಕಳ್ಳರಿಗೇನು ಬರವಾ," ಅಂದ ಮೌನೇಶ. "ಸಾದಾ ಉಂಗುರ ತಗೊಳ್ಳಿ. ಅದಕ್ಕಿರೋದು ಒಂದೇ ಜೋಡಣೆ, ಬೆಸುಗೆ ನೂರಕ್ಕೆ ಒಂದು ಪಾಲೂ ಇರಲ್ಲ. ಅದು ಸುತ್ತ 82 ತೋರಿಸಿದ್ರೆ ಬೆಸುಗೆ ಹೆಸರು ಹೇಳಿ ಜಾರಿಕೊಳ್ಳೋಕಾಗಲ್ಲ. ಇದೇ ಗುಂಡಿನ ಹೊಟ್ಟೆ 75 ತೋರಿಸಿದ್ದಿದ್ರೆ ತಗಡೇ ಬೆರಕೆ ಅಂತ ಗೊತ್ತಾಗ್ತಿತ್ತು. ಬೆಳ್ಳಿ, ತಾಮ್ರ, ಸತು ಬಂದ್ರೆ ನನಗೆ ಗಾಬರಿ ಇಲ್ಲ, ಅವು ಒಡವೆಯ ಮನೆಯವರೇ. ಸೀಸ ಬಂತು, ರುಥೇನಿಯಂ, ಇರಿಡಿಯಂ ಬಂತು ಅಂದ್ರೆ ಅವರು ಕರೆಯದೆ ಬಂದ ನೆಂಟರಲ್ಲ, ಯಾರೋ ಕರೆದೇ ತಂದಿರ್ತಾರೆ."

"ರುಥೇನಿಯಂ ಯಾಕೆ ಹಾಕ್ತಾರೆ? ಅದೂ ದುಬಾರಿ ಲೋಹ ಅಲ್ವಾ?"

ರಾಜಿಗೆ ಇದು ಇಷ್ಟದ ಅಧ್ಯಾಯ. "ಪುಡಿ ಸಿಗುತ್ತೆ, ಭಾರ ಇರುತ್ತೆ, ಬಣ್ಣ ಕೆಡಿಸಲ್ಲ. ಚಿನ್ನದಲ್ಲಿ ಕರಗೋದೇ ಇಲ್ಲ, ಒಳಗೆ ಹರಳಿನ ಹಾಗೆ ಹಾಗೇ ಕೂತಿರುತ್ತೆ. ಒರೆಗಲ್ಲಿಗೆ ತಿಕ್ಕಿ ನೈಟ್ರಿಕ್ ಆಮ್ಲ ಹಾಕಿದ್ರೂ ಅದು ಕರಗಲ್ಲ, ಹಾಗಾಗಿ ಹಳೇ ಪರೀಕ್ಷೆಗೆ ಸಿಗಲ್ಲ. ಎಕ್ಸ್‌ಆರ್‌ಎಫ್‌ನಲ್ಲಿ ಬೇರೆ ಗೆರೆಯಾಗಿ ಕಾಣುತ್ತೆ. ಆದರೆ ಮೆಷಿನ್ನಿನಲ್ಲಿ ಆ ಧಾತು ಹುಡುಕು ಅಂತ ಆನ್ ಮಾಡಿರಬೇಕು. ಮಾಡದಿದ್ರೆ ಅದರ ಪಾಲನ್ನೂ ಉಳಿದವರ ಲೆಕ್ಕಕ್ಕೆ ಹಂಚಿಬಿಡುತ್ತೆ, ಮೈನಾರಿಟಿಯ ವೋಟು ಮೆಜಾರಿಟಿಗೆ ಬಿದ್ದಂಗೆ."

"ಇನ್ನೊಂದು," ಅಂತ ಸೇರಿಸಿದಳು, "ಮೆಷಿನ್ನು ಒಳ್ಳೇದು ಹೇಳಿದಾಗಲೂ ಕುಣಿಯಬೇಡಿ. ಒಡವೆಗೆ ಆಮ್ಲದಲ್ಲಿ ಮೆರುಗು ಕೊಟ್ಟರೆ ಮೇಲಿನ ತಾಮ್ರ ಕರಗಿ ಹೋಗಿ ಚರ್ಮದಲ್ಲಿ ಮಾತ್ರ ಚಿನ್ನ ಹೆಚ್ಚಾಗಿರುತ್ತೆ. ಮೇಲೆ ಗಿಲೀಟು ಇದ್ರಂತೂ ಕೇಳಲೇಬೇಡಿ. ಹತ್ತು ಮೈಕ್ರಾನ್ ದಾಟಿ ಒಳಗೆ ಹಿತ್ತಾಳೆ ಇದ್ದರೂ ಹೊರಗೆ ರಾಜಮರ್ಯಾದೆ."

ಶಾಮಣ್ಣನಿಗೆ ಒಂದು ದಾರಿ ಹೊಳೆಯಿತು. "ಆಚಾರ್ರ ಕೈಯದೇ ಇನ್ನೊಂದು ಒಡವೆ ನೋಡಿದ್ರೆ ಗೊತ್ತಾಗುತ್ತಲ್ಲ? ಗುಂಡಣ್ಣ, ನಿನ್ನ ಉಂಗುರ ಅವರದ್ದೇ ಅಲ್ವೇನೋ?"

ಗುಂಡಣ್ಣನ ಉಂಗುರ ಮದುವೆಯಾದ ಮೇಲೆ ಹೊರಗೆ ಬಂದಿರಲಿಲ್ಲ. ಬೆರಳು ಅದರ ಎರಡೂ ಬದಿಗೆ ಸಮೃದ್ಧವಾಗಿ ಬೆಳೆದಿತ್ತು. ಸೋಪು ಬಂತು, ಕೊಬ್ಬರಿ ಎಣ್ಣೆ ಬಂತು, ಶಾಮಣ್ಣ ಒಂದು ಕಡೆ ಮೌನೇಶ ಒಂದು ಕಡೆ ಹಿಡಿದು ಎಳೆದದ್ದೂ ಆಯಿತು. ಕೊನೆಗೆ ಒಳಗಿಂದ ಗುಂಡಣ್ಣನ ಹೆಂಡತಿ ತಮ್ಮ ಗಟ್ಟಿ ಬಳೆಯನ್ನು ಕಳಚಿ ಜಗುಲಿ ಮೇಲಿಟ್ಟು, "ಇದೂ ಅವರೇ ಮಾಡಿದ್ದು. ಅವರ ಬೆರಳು ಬಿಟ್ಟುಬಿಡಿ" ಅಂದು ಹೋದರು.

ಮೌನೇಶನ ಚೀಲದಲ್ಲಿ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸದಾ ಇರುತ್ತದೆ. ಬಳೆ ತೂಗಿದ: 23.60. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದ. ಬಳೆಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ಇಳಿಬಿಟ್ಟ. ಒಮ್ಮೆ ಅಲ್ಲಾಡಿಸಿ ಗುಳ್ಳೆ ಬಿಡಿಸಿದ. ತಕ್ಕಡಿ 1.34 ತೋರಿಸಿತು.

"ಬಳೆ ಸರಿಸಿದ ನೀರಿನ ತೂಕ ಇದು. 23.60ನ್ನ 1.34ರಿಂದ ಭಾಗಿಸಿ. 17.6. 22 ಕ್ಯಾರೆಟ್ ಆದ್ರೆ 17.6ರಿಂದ 18.0ರೊಳಗೆ ಬರಬೇಕು, ಬೆಳ್ಳಿ ಹೆಚ್ಚೋ ತಾಮ್ರ ಹೆಚ್ಚೋ ನೋಡಿಕೊಂಡು. 20 ಕ್ಯಾರೆಟ್ ಆಗಿದ್ರೆ 16.5ರ ಸುತ್ತ ನಿಲ್ತಿತ್ತು."

"ಇಷ್ಟು ಸುಲಭಾನಾ? ಹಾಗಾದ್ರೆ ಆ ಗುಂಡಿನ ಸರಾನೂ ಮುಳುಗಿಸೋಣ!"

"ಅದನ್ನ ಮುಳುಗಿಸಿದ್ರೆ ನಾವೂ ಮುಳುಗ್ತೀವಿ. ಗುಂಡಿನೊಳಗೆ ಅರಗು ಇರುತ್ತೆ, ಗಾಳಿ ಇರುತ್ತೆ. ಅಪರಂಜಿ ಆದ್ರೂ ಹಿತ್ತಾಳೆ ಅಂತ ಉತ್ತರ ಬರುತ್ತೆ. ಟೊಳ್ಳು, ಅರಗು, ಹರಳು ಇದ್ದ ಒಡವೆಗೆ ಈ ಲೆಕ್ಕ ನಡೆಯಲ್ಲ. ನಾಲ್ಕು ಗ್ರಾಂ ಉಂಗುರಕ್ಕೂ ಅಷ್ಟೇ. ನೀರಿನ ತೂಕ 0.23ಕ್ಕೂ 0.24ಕ್ಕೂ ಇರೋ ಒಂದಂಕಿ ವ್ಯತ್ಯಾಸಕ್ಕೆ ಉತ್ತರ 17.4ರಿಂದ 16.7ಕ್ಕೆ ಜಿಗಿಯುತ್ತೆ. ಗುಂಡಣ್ಣನ ಬೆರಳು ಸುಮ್ಮನೆ ಕೆಂಪಾಯ್ತು."

ಅಷ್ಟರಲ್ಲಿ ಗುಂಡಣ್ಣನ ಮೊಬೈಲ್ ಗುಂಯ್‌ಗುಟ್ಟಿತು. ಹಿಂದಿನ ಬೀದಿಯವರು ಒಡವೆ ಪೆಟ್ಟಿಗೆಯ ತಳದಲ್ಲಿ ಮಖಮಲ್ಲಿನ ಕೆಳಗೆ ಆಚಾರ್ರ ಕೈಬರಹದ ಹಳದಿ ಚೀಟಿಯೊಂದನ್ನು ಕಂಡಿದ್ದರು. ಫೋಟೋ ಕಳಿಸಿದ್ದರು. 'ಹಳೇ ಡಾಬು ಮುರಿದು ಗುಂಡಿನ ಸರ. ತೂಕ 2¾ ತೊಲ. ಅದರಲ್ಲಿ ಅರಗು 16 ಗುಂಜಿ ಕಳೆದು. ಸವಕಳಿ 6 ಗುಂಜಿ.' ಕೆಳಗೆ ಇಸವಿ 1964.

ಜಗುಲಿಯ ಮೇಲೆ ಮೂರು ತಲೆ ಒಂದೇ ಮೊಬೈಲಿಗೆ ಬಗ್ಗಿದವು. ಶಾಮಣ್ಣನ ತಲೆ ಎಲ್ಲರಿಗಿಂತ ಮುಂದೆ.

ತೊಲ ಅಂದರೆ 11.66 ಗ್ರಾಂ. 2¾ ತೊಲ 32.08. ಈಗಿನ ತೂಕ 31.6. ಅರವತ್ತು ವರ್ಷ ಕುತ್ತಿಗೆಗೆ ತಿಕ್ಕಿದ ಸರಕ್ಕೆ ಅರ್ಧ ಗ್ರಾಂ ಸವೆತ ಅಂದರೆ ಹೆಚ್ಚೇನಲ್ಲ. ತೊಲಕ್ಕೆ 96 ಗುಂಜಿ, ಒಂದು ಗುಂಜಿ 0.12 ಗ್ರಾಂ. ಹದಿನಾರು ಗುಂಜಿ ಅರಗು ಅಂದರೆ ಎರಡು ಗ್ರಾಂಗೆ ಚೂರು ಕಡಿಮೆ.

"ಶೋರೂಮಿನವರು ಅರಗು, ಕೊಳೆ ಅಂತ ಎಷ್ಟು ಕಳೆದ್ರು?"

"ಎರಡು ಗ್ರಾಂ. ಅದನ್ನೂ ಆಚಾರ್ರ ಪಾಪದ ಲೆಕ್ಕಕ್ಕೇ ಸೇರಿಸಿ ಗ್ರೂಪಲ್ಲಿ ಬರೆದಿದ್ರು, 'ಚಿನ್ನದ ಬದಲು ಅರಗು ತುಂಬಿದ್ದಾನೆ' ಅಂತ."

"ಆಚಾರ್ರು 1964ರಲ್ಲೇ ಕಳೆದು ಬರೆದಿದ್ದಾರೆ. ಅರಗು ತುಂಬದಿದ್ರೆ ತೆಳು ಗುಂಡು ಕುತ್ತಿಗೇಲಿ ಇದ್ದಂಗೇ ನೆಗ್ಗಿ ಹೋಗುತ್ತೆ, ಅದಕ್ಕೇ ತುಂಬೋದು. ಅರಗನ್ನ ಚಿನ್ನದ ಬೆಲೆಗೆ ತೂಗಿದ್ರೆ ಮೋಸ. ಇಲ್ಲಿ ತೂಗಿಲ್ಲ."

"ಅದಕ್ಕಿಂತ ಮೇಲಿನ ಸಾಲು ನೋಡಿ," ಅಂದ ಮೌನೇಶ. "ಹಳೇ ಡಾಬು ಮುರಿದು. ಚಿನ್ನ ಆಚಾರ್ರದ್ದಲ್ಲ, ಮನೆಯವರದ್ದೇ. ಡಾಬಿನಲ್ಲೂ ನೂರೆಂಟು ಬೆಸುಗೆ ಇರುತ್ತೆ. ಅದನ್ನ ಮೂಸೆಯಲ್ಲಿ ಹಾಕಿ ಕರಗಿಸಿದ್ರೆ ಹಳೇ ಬೆಸುಗೆಯ ಬೆಳ್ಳಿ ತಾಮ್ರ ಎಲ್ಲಾ ಚಿನ್ನದೊಳಗೇ ಸೇರಿ ಒಂದಾಗುತ್ತೆ. ಪುಟಕ್ಕಿಟ್ಟು ಶುದ್ಧಿ ಮಾಡಿಸದೆ ಅದರಲ್ಲೇ ಸರ ಮಾಡಿ, ಮತ್ತೆ ಹೊಸ ಬೆಸುಗೆ. ಅಜ್ಜಿಯ ಡಾಬು ಅಮ್ಮನ ಸರ ಆಗಿ, ಅಮ್ಮನ ಸರ ಮಗಳ ಜುಮುಕಿ ಆಗೋ ಹೊತ್ತಿಗೆ ಪ್ರತಿ ಸಲ ಎರಡು ಮೂರು ಪಾಲು ಇಳೀತಾ ಹೋಗುತ್ತೆ. ಯಾರೂ ಕದಿಯದೇನೇ."

"ಹೊಟ್ಟೆ ಮೇಲೆ 90.7 ಬಂದದ್ದು ಅದಕ್ಕೇನಾ, 91.6 ಬರದೆ?"

"ಇರಬಹುದು. ಹಾಗೇ ಅಂತ ಪ್ರಮಾಣ ಮಾಡಿ ಹೇಳಲ್ಲ."

ರಾಜಿ ಇನ್ನೂ ಇಸವಿಯನ್ನೇ ನೋಡುತ್ತಿದ್ದಳು. "ಮೌನೇಶ, 1964 ಅಂದ್ರೆ ಗೋಲ್ಡ್ ಕಂಟ್ರೋಲ್ ಕಾಲ ಅಲ್ವಾ?"

ಮೌನೇಶ ತೊಡೆ ತಟ್ಟಿಕೊಂಡ. ಶಾಮಣ್ಣ, ಗುಂಡಣ್ಣ ಇಬ್ಬರೂ ಹುಬ್ಬು ಗಂಟಿಕ್ಕಿದರು. 1962ರ ಚೀನಾ ಯುದ್ಧ, ವಿದೇಶಿ ವಿನಿಮಯದ ಬರ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿ. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮ ಬಂತು: 14 ಕ್ಯಾರೆಟ್ಟಿಗಿಂತ ಹೆಚ್ಚಿನ ಹೊಸ ಒಡವೆ ಮಾಡುವಂತಿಲ್ಲ. ಹದಿನಾಲ್ಕು ಅಂದರೆ ನೂರಕ್ಕೆ 58.3. ನಮ್ಮ ಹೆಂಗಸರು ಆ ಕೆಂಚು ಚಿನ್ನವನ್ನು ಮೂಸಿಯೂ ನೋಡಲಿಲ್ಲ. ಕೆಲಸವಿಲ್ಲದೆ ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಕುಲುಮೆ ಆರಿತು. ಎಷ್ಟೋ ಮನೆಗಳು ಬೀದಿಗೆ ಬಂದವು. ಹಳೆಯ ಒಡವೆ ಮುರಿದು ಮತ್ತೆ ಮಾಡುವುದಕ್ಕೆ ಆಮೇಲೆ ಸಡಿಲಿಕೆ ಸಿಕ್ಕಿತು, 14 ಕ್ಯಾರೆಟ್ ಕಟ್ಟಳೆ 1966ರಲ್ಲಿ ಹೋಯಿತು. ಬೇರೆ ಬಿಗಿಗಳೆಲ್ಲ 1968ರ ಕಾಯ್ದೆಯಾಗಿ ಮುಂದುವರಿದು 1990ರಲ್ಲಿ ರದ್ದಾದವು.

"ಒಂದ್ನಿಮಿಷ," ಅಂದ ಶಾಮಣ್ಣ. "ಸರ್ಕಾರ 58 ಸಾಕು ಅಂದಾಗ ಇವರು 82 ಕೊಟ್ರಾ?"

"ಬೆಸುಗೆ ಮೇಲೆ 82. ಹೊಟ್ಟೆ ಮೇಲೆ 90."

"ಹಾಗಾದ್ರೆ ಆಚಾರ್ರು ಅಪರಾಧಿ ಅನ್ನೋದು ನಿಜವೇ ಆಯ್ತಲ್ಲ!" ಗುಂಡಣ್ಣ ಚಪ್ಪಾಳೆ ತಟ್ಟಿದ. "ನಮ್ಮ ಗ್ರೂಪಿನವರು ಚಿನ್ನ ಕಡಿಮೆ ಅಂತ ಹಿಡಿದ್ರು. ಆಗಿನ ಇನ್‌ಸ್ಪೆಕ್ಟರ್ ಬಂದಿದ್ರೆ ಚಿನ್ನ ಜಾಸ್ತಿ ಅಂತ ಹಿಡೀತಿದ್ದ."

"ಹಳೇ ಡಾಬು ಮುರಿದು ಅಂತ ಬರೆದಿಟ್ಟದ್ದು ಅದಕ್ಕೇ ಇರಬಹುದು, ಕೇಳಿದ್ರೆ ತೋರಿಸೋದಕ್ಕೆ," ಅಂದ ಮೌನೇಶ. "ನಿಜವಾಗಿ ಡಾಬು ಇತ್ತೋ, ಕಾಗದದ ಮೇಲೆ ಮಾತ್ರ ಇತ್ತೋ, ಅದು ಬೇರೆ ಕಥೆ."

ಶಾಮಣ್ಣ ಈಗ ಚುರುಕಾದ. "ಅಂದ್ರೆ ಚೀಟಿಯನ್ನೂ ನಂಬೋ ಹಾಗಿಲ್ಲ ಅಂತೀಯಾ?"

"ತೂಕ, ಅರಗು ತಾಳೆ ಬಿತ್ತು, ಅಷ್ಟರ ಮಟ್ಟಿಗೆ ನಂಬ್ತೀನಿ. ಡಾಬನ್ನ ಯಾರೂ ತೂಗಿಲ್ಲವಲ್ಲ."

ಇಲ್ಲಿಗೆ ಶಾಮಣ್ಣನ ಸಿಟ್ಟು ಹೊಸ ಗುರಿ ಹುಡುಕಿತು. ಸಿಟ್ಟಿನ ಗುಣವೇ ಅದು, ಇಳಿಯುವುದಿಲ್ಲ, ಮನೆ ಬದಲಾಯಿಸುತ್ತದೆ. "ಹಾಗಾದ್ರೆ ಆ ಶೋರೂಮಿನವರು! ಬೆಸುಗೆ ಮೇಲಿನ ನಂಬರ್ ಹಿಡಿದು ಇಡೀ ಸರಕ್ಕೆ ಬೆಲೆ ಕಟ್ಟಿದ್ರಲ್ಲ, ಅವರು ಕಳ್ಳರು!"

"ಪುನಃ ಓಡಬೇಡಿ," ಅಂದಳು ರಾಜಿ. "ಆದರೆ ಒಂದು ಯೋಚನೆ ಮಾಡಿ. ಕಡಿಮೆ ನಂಬರ್ ಬಂದ್ರೆ ಯಾರಿಗೆ ಲಾಭ? ಕೊಳ್ಳೋರಿಗೆ. ಆ ನಂಬರನ್ನ ನಮಗೆ ಹೇಳಿದೋರು ಯಾರು? ಕೊಳ್ಳೋರು. ಅಷ್ಟು ಗೊತ್ತಿದ್ರೆ ಸಾಕು, ಬೈಯೋ ಅಗತ್ಯ ಇಲ್ಲ. ಕರಗಿಸಿ ನೋಡಿ ಅಂತ ಕೇಳಬೇಕು."

ಕರಗಿಸುವುದಕ್ಕೂ ಕ್ರಮ ಇದೆ, ಮತ್ತು ಜನ ಕೆಡುವುದು ಆ ಕ್ರಮದಲ್ಲೇ. ಮೊದಲು ದರ ಕೇಳಬೇಕು: ಕರಗಿದ ಮೇಲೆ ಬರುವ ಶುದ್ಧ ಚಿನ್ನಕ್ಕೆ ಇವತ್ತಿನ ದರದಲ್ಲಿ ಎಷ್ಟು ಕಡಿತ, ಬೇರೆಯವರು ಮಾಡಿದ ಒಡವೆಗೆ ಕಡಿತ ಹೆಚ್ಚಾ ಅಂತ. ಇದನ್ನು ಆಮೇಲೆ ಕೇಳಿದರೆ ಕೈಯಲ್ಲಿ ಸರವೂ ಇಲ್ಲ, ಚೌಕಾಸಿಯೂ ಇಲ್ಲ, ಒಂದು ಗಟ್ಟಿ ಮಾತ್ರ. ಆಮೇಲೆ ಅಂಟುವಾಳದ ನೀರಿನಲ್ಲಿ ತೊಳೆದು ಒಣಗಿಸಿ ಎದುರಿಗೇ ತೂಗಿಸಬೇಕು. ಹಳೆಯ ಗುಂಡಿನ ಸರದ ಸಂದಿಗಳಲ್ಲಿ ಅರವತ್ತು ವರ್ಷದ ಬೆವರು, ಅರಿಸಿನ, ಸೋಪು ಕೂತಿರುತ್ತದೆ. ಕಣ್ಣೆದುರೇ ಮೂಸೆಗೆ ಹಾಕಬೇಕು. ಅರಗು ಹೊಗೆಯಾಗಿ ಹೋಗುತ್ತದೆ, ಕಣ್ಣಂದಾಜಿನ 'ಎರಡು ಗ್ರಾಂ' ಪ್ರಶ್ನೆಯೇ ಉಳಿಯುವುದಿಲ್ಲ. ಎರಕ ಹೊಯ್ದ ಗಟ್ಟಿಯನ್ನು ತೂಗಿ, ಮೇಲೆ ಕೆಳಗೆ ಎರಡೂ ಕಡೆ ಎಕ್ಸ್‌ಆರ್‌ಎಫ್ ಇಡಿಸಬೇಕು. ಚೆನ್ನಾಗಿ ಕಲಕಿ ಕರಗಿಸಿದ್ದರೆ ಎರಡೂ ಅಂಕಿ ಹತ್ತಿರ ಹತ್ತಿರ ಇರುತ್ತವೆ. ದೂರ ಇದ್ದರೆ ಇನ್ನೊಮ್ಮೆ ಕರಗಿಸಿ ಅನ್ನಬೇಕು.

"ಕರಗಿಸಿಬಿಟ್ರೆ ಅಜ್ಜಿಯ ಸರ ಹೋಯ್ತಲ್ಲ?"

"ಅದಕ್ಕೇ ನಮ್ಮಲ್ಲಿಗೆ ಬರಬೇಕು," ಅಂದಳು ರಾಜಿ. "ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋ, ಮಾನ್ಯತೆ ಇರೋ ಅಸೇಯಿಂಗ್ (ಶುದ್ಧತೆ ಪರೀಕ್ಷೆಯ) ಸೆಂಟರಿನಲ್ಲಿ ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಯನ್ನೂ ಸಾರ್ವಜನಿಕರು ಪರೀಕ್ಷೆ ಮಾಡಿಸಬಹುದು. 2022ರಲ್ಲಿ ಇಟ್ಟ ದರ ನಾಲ್ಕು ಒಡವೆವರೆಗೆ 200 ರೂಪಾಯಿ. ನಮಗೆ ನಿಮ್ಮ ಚಿನ್ನ ಕೊಳ್ಳೋ ಆಸೆ ಇಲ್ಲ, ಅದೇ ಮುಖ್ಯ. ಪೂರ್ತಿ ಖಚಿತ ಬೇಕು ಅಂದ್ರೆ ಫೈರ್ ಅಸೇ. ಒಂದು ಗುಂಡು ಕತ್ತರಿಸಬೇಕಾಗುತ್ತೆ."

"ಅದನ್ನ ಏನು ಮಾಡ್ತೀರಿ?"

"ಕಾಲು ಗ್ರಾಂ ಆಸುಪಾಸು ತೂಗಿ, ಅದರ ಜೊತೆ ಲೆಕ್ಕದ ಬೆಳ್ಳಿ ಸೇರಿಸಿ, ಚಿನ್ನದ ಎರಡೂವರೆ ಪಾಲು ಅಂತಿಟ್ಕೊಳ್ಳಿ, ಸೀಸದ ಹಾಳೆಯಲ್ಲಿ ಸುತ್ತಿ, ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು 1000 ಡಿಗ್ರಿ ಮೇಲಿನ ಒಲೆಗೆ ಇಡ್ತೀವಿ. ಸೀಸ ಸುಟ್ಟು ಭಸ್ಮ ಆಗಿ ತಾಮ್ರ, ಸತು ಎಲ್ಲಾನೂ ಕರ್ಕೊಂಡು ಬಟ್ಟಲೊಳಗೆ ಇಂಗುತ್ತೆ. ಚಿನ್ನ-ಬೆಳ್ಳಿಯ ಮಣಿ ಉಳಿಯುತ್ತೆ. ಅದನ್ನ ತಟ್ಟಿ, ತೆಳು ಪಟ್ಟಿ ಮಾಡಿ, ಸುರುಳಿ ಸುತ್ತಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದ್ರೆ ಬೆಳ್ಳಿ ಕರಗಿ ಹೋಗುತ್ತೆ. ಉಳಿದದ್ದು ಚಿನ್ನ. ಅದನ್ನ ತೂಗೋದು. ಬೆಳ್ಳಿ ಕಡಿಮೆ ಹಾಕಿದ್ರೆ ಆಮ್ಲ ಒಳಗೆ ಇಳಿಯದೆ ಬೆಳ್ಳಿ ಉಳಿದು ಅಂಕಿ ಮೇಲೆ ಹೋಗುತ್ತೆ. ಜಾಸ್ತಿ ಹಾಕಿದ್ರೆ ಸುರುಳಿ ಪುಡಿಪುಡಿ ಆಗಿ ತೂಗೋಕೇ ಸಿಗಲ್ಲ."

ಗುಂಡಣ್ಣ ಉಳಿದ ಒಂದೇ ಬೋಂಡಾವನ್ನು ಈ ವಿವರದ ಮಧ್ಯೆ ಸದ್ದಿಲ್ಲದೆ ಶುದ್ಧೀಕರಿಸಿಬಿಟ್ಟಿದ್ದ.

"ಇರಲಿ, ಅವರು ಹೊಸ ಸರ ಕೊಂಡುಬಿಟ್ರಾ?" ಅಂತ ರಾಜಿ ಕೇಳಿದಳು. "ಅದರ ಗುರುತಿನ ನಂಬರು, ಹೆಚ್‌ಯುಐಡಿ, ನೋಡಿದ್ರಾ?"

"ಯಾಕೆ ನೋಡ್ಬೇಕು? ಎಸಿ ಇದೆ. ಬಾದಾಮಿ ಹಾಲು ಕೊಟ್ರಂತೆ. ಸೇಲ್ಸ್ ಹುಡುಗಿ ಆಂಟಿ ಅನ್ನದೆ ಅಕ್ಕ ಅಂದ್ಲಂತೆ."

"ಅಕ್ಕ ಅಂದ್ರಾ? ಗಾದೆ ನೆನಪಿದೆ ತಾನೇ?" ಅಂದ ಮೌನೇಶ, ಆ ದಿನದಲ್ಲಿ ಮೊದಲ ಸಲ ನಕ್ಕು.

2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಮೂರು ಗುರುತು ಇರಬೇಕು: ಬಿಐಎಸ್‌ನ ತ್ರಿಕೋನ, 22ಕೆ916 ಎಂಬಂಥ ಶುದ್ಧತೆ, ಆರು ಅಂಕಿ-ಅಕ್ಷರಗಳ ಹೆಚ್‌ಯುಐಡಿ. ಭೂತಗನ್ನಡಿ ಕೇಳಿದರೆ ಅಂಗಡಿಯವರೇ ಕೊಡಬೇಕು. ಬಿಐಎಸ್ ಕೇರ್ ಆ್ಯಪ್‌ಗೆ ಆ ಆರನ್ನು ಹಾಕಿದರೆ ಅಂಗಡಿಯ ನೋಂದಣಿ, ಪರೀಕ್ಷೆ ಮಾಡಿದ ಸೆಂಟರ್, ಶುದ್ಧತೆ, ಒಡವೆ ಯಾವ ಬಗೆ ಅಂತ ಬರುತ್ತದೆ. ಜನ ಶುದ್ಧತೆಯ ಸಾಲು ನೋಡಿ ಮುಚ್ಚಿಬಿಡುತ್ತಾರೆ. ನೋಡಬೇಕಾದ್ದು ಬಗೆಯ ಸಾಲು. ಕೈಯಲ್ಲಿ ಸರ, ಆ್ಯಪ್‌ನಲ್ಲಿ ಉಂಗುರ ಅಂತಿದ್ದರೆ ಆ ನಂಬರು ಯಾವುದೋ ಉಂಗುರದಿಂದ ಎರವಲು ಬಂದದ್ದು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಎಂದು ಸಾಬೀತಾದರೆ, ಮಾರಿದ ತೂಕಕ್ಕೆ ಕೊರತೆ ಬಿದ್ದ ಶುದ್ಧತೆಯ ಎರಡು ಪಟ್ಟು ಪರಿಹಾರ, ಮೇಲೆ ಪರೀಕ್ಷೆಯ ಖರ್ಚು, 2018ರ ಬಿಐಎಸ್ ನಿಯಮದಲ್ಲೇ ಇದೆ.

"ಆಚಾರ್ರಿಗೆ ಇಂಥದ್ದೇನೂ ಇರಲಿಲ್ಲ, ಪಾಪ," ಅಂದ ಶಾಮಣ್ಣ. ಅರ್ಧ ಗಂಟೆಯಲ್ಲಿ ಕಳ್ಳ ಪಾಪ ಆಗಿದ್ದರು.

"ಅಷ್ಟು ಬೇಗ ಪಾಪ ಅನ್ನಬೇಡಿ," ಅಂದ ಮೌನೇಶ. "ಸವಕಳಿ 6 ಗುಂಜಿ ಅಂತ ಇದೆಯಲ್ಲ. ಮುಕ್ಕಾಲು ಗ್ರಾಂ ಹತ್ತಿರ. ನೂರಕ್ಕೆ ಎರಡೂವರೆ ಪಾಲಿನ ಒಳಗೇ. ಕೈಕೆಲಸಕ್ಕೆ ಹೆಚ್ಚೇನಲ್ಲ, ಅರ ಹಾಕುವಾಗ, ಮೆರುಗು ಕೊಡುವಾಗ ಉದುರುತ್ತೆ. ಆದರೆ ಉದುರಿದ್ದು ಎಲ್ಲಿಗೆ ಹೋಗುತ್ತೆ? ಅವರ ಮಣೆಯ ಕೆಳಗಿನ ತಟ್ಟೆಗೆ. ವರ್ಷಕ್ಕೊಮ್ಮೆ ಆ ಧೂಳನ್ನೂ ಕುಲುಮೆಯ ಬೂದಿಯನ್ನೂ ತೊಳೆದು ಚಿನ್ನ ತೆಗೀತಾರೆ. ನೀವು ಕೊಟ್ಟದ್ದು ಸವಕಳಿ, ಅವರಿಗೆ ಸಿಕ್ಕಿದ್ದು ಆದಾಯ. ಅದನ್ನ ಅವರು ಮುಚ್ಚಿಟ್ಟೂ ಇಲ್ಲ, ಚೀಟಿಯಲ್ಲೇ ಬರೆದಿದ್ದಾರೆ."

"ಈಗಿನ ಶೋರೂಮಿನ ವೇಸ್ಟೇಜ್ ಎಷ್ಟು ಹಾಕಿದ್ದಾರೆ ನೋಡು ಮತ್ತೆ."

ಗುಂಡಣ್ಣ ಬಿಲ್ಲಿನ ಫೋಟೋ ದೊಡ್ಡದು ಮಾಡಿದ. "ಹದಿನಾಲ್ಕು ಪರ್ಸೆಂಟ್."

"ಮೆಷಿನ್ ಚೈನಿಗಾ?"

"ಮೆಷಿನ್ ಚೈನಿಗೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶಾಮಣ್ಣ ಮೊಬೈಲ್ ಎತ್ತಿಕೊಂಡ. ಬೆಳಗ್ಗೆ ಏಳು ಗ್ರೂಪಿಗೆ ಕಳಿಸಿದ್ದನ್ನು ಸರಿಪಡಿಸಬೇಕಿತ್ತು. 'ಆಚಾರ್ರು ಕಳ್ಳರಲ್ಲ' ಅಂತ ಟೈಪಿಸಿದ.

"ಹಾಗೆ ಬರೀಬೇಡಿ," ಅಂದಳು ರಾಜಿ. "ಅದೂ ಗೊತ್ತಿಲ್ಲವಲ್ಲ. 'ಈ ಚೀಟಿಯಿಂದ ಕಳ್ಳರು ಅಂತ ಹೇಳೋಕಾಗಲ್ಲ' ಅಂತ ಬರೀರಿ."

"'ಗಟ್ಟಿ ಬಳೆ ಒಂದರ ಸಾಂದ್ರತೆ 17.6' ಅಂತ ಸೇರಿಸಿ," ಅಂದ ಮೌನೇಶ.

"'ಗುಂಡಣ್ಣನ ಉಂಗುರ ಬರಲಿಲ್ಲ' ಅಂತಾನೂ."

ಅರಗು, ಗುಂಜಿ, ಬೆಸುಗೆ, ಮೊರಾರ್ಜಿ ದೇಸಾಯಿ ಎಲ್ಲ ಸೇರಿ ಸಂದೇಶ ಮೂರು ಪರದೆ ಉದ್ದವಾಯಿತು. ಕಳಿಸಿದ ಕೂಡಲೇ ಒಬ್ಬರು ಕೈಮುಗಿದರು, ಇನ್ನೊಬ್ಬರು 'ಶುಭ ಸಂಜೆ'ಯ ಗುಲಾಬಿ ಹಾಕಿದರು, ಮೂರನೆಯವರು ಬೆಳಗಿನ 82.6ರ ಚೀಟಿಯನ್ನೇ ಮತ್ತೆ ಫಾರ್ವರ್ಡ್ ಮಾಡಿ 'ಇದು ನಿಜವೇ?' ಅಂತ ಕೇಳಿದರು. ಪೂರ್ತಿ ಓದಿದ್ದು ಹಿಂದಿನ ಬೀದಿಯವರು ಮಾತ್ರ. ಅವರ ಪ್ರಶ್ನೆ ಚಿಕ್ಕದಾಗಿತ್ತು: ಫೈರ್ ಅಸೇಗೆ ಯಾವ ಗುಂಡು ಕತ್ತರಿಸೋದು?

"ಕೊಕ್ಕೆಯ ಪಕ್ಕದ್ದು ಅನ್ನಿ," ಅಂದ ಮೌನೇಶ, ತಕ್ಕಡಿಯನ್ನು ಒರೆಸಿ ಚೀಲಕ್ಕೆ ಹಾಕುತ್ತ. "ಅದು ಕುತ್ತಿಗೆಯ ಹಿಂದೆ ಹೋಗುತ್ತೆ, ಜಡೆ ಕೆಳಗೆ ಯಾರಿಗೂ ಕಾಣಲ್ಲ. ಆದರೆ ಗುಂಡನ್ನ ಪೂರ್ತಿ ಕೊಡಲಿ, ಅರ್ಧ ಅಲ್ಲ. ಅರ್ಧ ಕೊಟ್ರೆ ಬೆಸುಗೆ ಬರೋ ಅರ್ಧಾನಾ, ಬರದ ಅರ್ಧಾನಾ ಅಂತ ಮುಂದಿನ ಭಾನುವಾರ ಇನ್ನೊಂದು ಜಗಳ."